ಬಂಬಿನ ಬೆಂಕಿಗೆ ಬಿದ್ದ ಗ್ಲೋವ್ಸ್

ತೊಂಬತ್ತರ ದಶಕದ ಕೊನೆಗೆ, ನಮ್ಮ ಕನ್ನಡ ಸಂಘದ ಪತ್ರಿಕೆಗಾಗಿ ಖಡಕಿ ಕಂಟೋನ್ಮೆಂಟಿನಲ್ಲಿದ್ದ ಹಳೆಯ ಬಾಕ್ಸಿಂಗ್ ಚಾಂಪಿಯನ್ ಒಬ್ಬರನ್ನು ಮಾತಾಡಿಸಲು ಹೋಗಿದ್ದೆ. ಪದಕ ತೋರಿಸುತ್ತಿದ್ದವರು, ಮೊಮ್ಮಗಳು ತಮ್ಮ ಹಳೆಯ ಗ್ಲೋವ್ಸ್ ಹಾಕಿಕೊಂಡು ಬಂದದ್ದೇ ತಡ, ಅವನ್ನು ಕಸಿದು ನೀರು ಕಾಯಿಸುವ ಬಂಬಿನ ಬೆಂಕಿಗೆ ಹಾಕಿಬಿಟ್ಟರು. ನಾನು ಗಾಬರಿಯಾಗಿ ಎದ್ದು ನಿಂತೆ. ಸುಟ್ಟ ಚರ್ಮದ ವಾಸನೆ ಮನೆಯೆಲ್ಲ ತುಂಬಿತು.

“ಹೆಣ್ಣಮಕ್ಕಳು ಮಾರಿ ಒಡಕೊಂಡ್ರ ಲಗ್ನ ಹೆಂಗಾಗಬೇಕ್ರಿ?” ಎಂದರು ನನಗೆ.

“ನಿಮಗ ಮನ್ಯಾಗ ಯಾರೂ ಬ್ಯಾಡ ಅಂದಿರಲಿಲ್ಲೇನ್ರಿ?” ಎಂದೆ, ಹೇಗೋ ಬಾಯಿಬಿಟ್ಟು.

“ನಮ್ಮಪ್ಪ ನನ್ನ ಮೊದಲಿನ ಗ್ಲೋವ್ಸೂ ಹಿಂಗ ಸುಟ್ಟಿದ್ದ.”

“ಮತ್ತ ನೀ ಬಿಟ್ಟಿಯೇನಜ್ಜಾ?” ಮೊಮ್ಮಗಳು ಅಳುತ್ತಲೇ ಕೇಳಿದಳು.

ಕೆಲವು ವರ್ಷಗಳ ನಂತರ ಆ ಹುಡುಗಿ ರಾಜ್ಯಮಟ್ಟದಲ್ಲಿ ಗೆದ್ದಾಗ ನಮ್ಮ ಸಂಪಾದಕರು “ಅಜ್ಜನೇ ಪ್ರೇರಣೆ” ಎಂದು ತಲೆಬರಹ ಕೊಟ್ಟರು. ನಾನು ತಿದ್ದಲು ಹೋಗಲಿಲ್ಲ. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.