ಸಾಸಿವೆ ಕಾಳು ದಾಟದ ಲಾರಿ

ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ, ನಾನು ತಲೆಗೆ ಕಪ್ಪು ಹಚ್ಚಿಕೊಳ್ಳುತ್ತೇನೆ. ಅದು ಒಣಗುವ ತನಕ ಸುಮ್ಮನೆ ಕೂರಬಾರದೆಂದು ಮೇಜಿನ ಮುಂದೆ ಕುಳಿತು ಲಾರಿಗೆ ತುಕ್ಕು ಹಚ್ಚುತ್ತೇನೆ. ಅರವತ್ತೈದು ದಾಟಿದ ತಲೆಯನ್ನು ಹೊಸದೆಂದೂ ಮೊನ್ನೆ ಪಾರ್ಸೆಲ್ಲಿನಲ್ಲಿ ಬಂದ ಲಾರಿಯನ್ನು ಹಳೆಯದೆಂದೂ ಲೋಕಕ್ಕೆ ನಂಬಿಸುವ ಕೆಲಸ ಹೀಗೆ ಒಂದೇ ಮುಂಜಾನೆ, ಒಂದೇ ಕೈಯಿಂದ ನಡೆಯುತ್ತದೆ. ಎರಡನ್ನೂ ಈವರೆಗೆ ಯಾರೂ ನಂಬಿಲ್ಲ.

ಲಾರಿ ಎಂದೊಡನೆ ಗಾಬರಿಯಾಗಬೇಡಿ. ನನ್ನದು ಎರಡು ಅಂಗೈ ಮೇಲೆ ನಿಲ್ಲುವ ಲಾರಿ. ನಿಜದ ಲಾರಿಯ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ತುರುವೇಕೆರೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ನಿವೃತ್ತನಾದ ಮೇಲೆ ಕೆಲವರು ತೀರ್ಥಯಾತ್ರೆಗೆ ಹೋದರು, ಕೆಲವರು ಸೊಸೈಟಿ ಚುನಾವಣೆಗೆ ನಿಂತರು. ನಾನು ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಕಾರು, ಲಾರಿ ಮಾಡುತ್ತ ಕುಳಿತೆ. ಮಾಡಿದ್ದನ್ನು ಹಾಳುಗೆಡಹುವುದೇ ಈ ವಿದ್ಯೆಯ ಉತ್ತರಾರ್ಧ. ಇಟ್ಟಿಗೆ ಪುಡಿ, ಸೀಮೆಸುಣ್ಣ, ತೆಂಗಿನ ನಾರಿನ ಹೊಟ್ಟು, ಕಾಫಿ ಡಿಕಾಕ್ಷನ್ನು, ಎಲ್ಲವೂ ಪೂಜಾಸಾಮಗ್ರಿಯಂತೆ ಬಟ್ಟಲುಗಳಲ್ಲಿ ಸಿದ್ಧವಾಗಿರಬೇಕು. ತುಕ್ಕಿನ ಬಣ್ಣದ ಮೇಲೆ ಒಂದಿಷ್ಟು ಉಪ್ಪಿನ ಹರಳು ಉದುರಿಸಿ, ಅದರ ಮೇಲೆ ಹಳದಿ ಬಳಿದು, ಒಣಗಿದ ಮೇಲೆ ಉಪ್ಪನ್ನು ಕೆರೆದರೆ ಬಣ್ಣ ಅಲ್ಲಲ್ಲಿ ಕಿತ್ತುಹೋಗಿ ಕೆಳಗಿನ ತುಕ್ಕು ಇಣುಕುತ್ತದೆ. ಇಪ್ಪತ್ತು ವರ್ಷದ ಮಳೆ ಬಿಸಿಲು ಒಂದು ಚಿಟಿಕೆ ಉಪ್ಪಿನಲ್ಲಿ! ಮುಪ್ಪು ಹೋಗಲೆಂದು ತಪಸ್ಸು ಮಾಡಿದ ಋಷಿಗಳ ಕಥೆ ಕೇಳಿದ್ದೇವೆ. ಮುಪ್ಪು ಬೇಗ ಬರಲೆಂದು ಕುಂಚ ಹಿಡಿದು ಕೂತವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ನನ್ನ ಮೊದಲ ಲಾರಿ ಮುಗಿದ ದಿನ ನನ್ನಾಕೆ ಅದನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, "ಎಷ್ಟು ಧೂಳು ಕೂತಿತ್ತು ಗೊತ್ತೇನ್ರೀ" ಎಂದು ಹೆಮ್ಮೆಯಿಂದ ತಂದು ಕೊಟ್ಟಳು.

ನಮ್ಮ ಸೀಮೆಯವನಿಗೆ ಈ ಅವಸರ ಒಪ್ಪುವಂಥದ್ದಲ್ಲ. ಇಲ್ಲಿ ಮಾಗುವುದೇ ಕಸುಬು. ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೇ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎಂದಾಗಲೇ ಅದು ಉಂಡೆ ಕೊಬ್ಬರಿ. ಅಂಥ ಅಟ್ಟದ ಕೆಳಗೆ ಹುಟ್ಟಿದವನು ಒಂದು ಸಂಜೆಯಲ್ಲಿ ಮುಪ್ಪು ತಯಾರಿಸಲು ಹೊರಟರೆ ಮೇಲಿರುವ ಕಾಯಿಗಳು ನಗದೆ ಇರುತ್ತವೆಯೆ?

ಈಗ ಶಿವನಂಜಪ್ಪನ ವಿಷಯಕ್ಕೆ ಬರುತ್ತೇನೆ. ಇವನು ಕಿಬ್ಬನಹಳ್ಳಿಯವನು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಅಥವಾ ಕೂತವನು. ತನ್ನ ತಾಯಿ ಪುಟ್ಟತಾಯಮ್ಮನ ಹೆಸರನ್ನು ಹಣೆಯ ಮೇಲೆ ಬರೆಸಿದ ಹಳದಿ ಲಾರಿಯಲ್ಲಿ ಕೊಬ್ಬರಿ ಹೇರಿಕೊಂಡು ಉತ್ತರದೇಶಕ್ಕೆ ಹೋಗಿ ಬರುತ್ತಿದ್ದ. ಊರಿಗೆ ಬಂದಾಗ ಮನೆ ಪಕ್ಕದ ಶೆಡ್ಡಿಗೆ ಲಾರಿಯ ಮೂತಿ ಒಳಗೆ ಮಾಡಿ ನಿಲ್ಲಿಸುತ್ತಿದ್ದ, ದನ ಕೊಟ್ಟಿಗೆಗೆ ನುಗ್ಗಿದ ಹಾಗೆ. ಹೋದ ವರ್ಷ ಅದಕ್ಕೆ ರಸ್ತೆಯಲ್ಲಿ ಓಡಲು ಯೋಗ್ಯವೆಂಬ ಎಫ್.ಸಿ. ಸಿಗಲಿಲ್ಲ. ಲಾರಿ ಗುಜರಿಗೆ ಹೋಯಿತು. ಅಂದಿನಿಂದ ಶಿವನಂಜಪ್ಪ ಖಾಲಿ ಶೆಡ್ಡಿಗೆ ಮುಖ ಮಾಡಿ, ರಸ್ತೆಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕುಳಿತವನು ಏಳಲಿಲ್ಲ. ತೋಟಕ್ಕಿಲ್ಲ, ಅಂಗಡಿಗಿಲ್ಲ, ಕರೆದರೆ ಮಾತಿಲ್ಲ. ಅವನ ಹೆಂಡತಿ ಗೌರಮ್ಮ ನನಗೆ ಫೋನು ಮಾಡಿದರು. "ಅಣ್ಣಾ, ನೀವೇನೋ ಲಾರಿ ಮಾಡ್ತೀರಂತಲ್ಲ. ನಮ್ದೊಂದು ಮಾಡ್ಕೊಡಿ. ನೋಡಿ ಎದ್ದರೂ ಎದ್ದಾರು. ಇಂಗೇ ಕೂತ್ರೆ ಈ ಮನುಷ್ಯ ಉಳಿಯಾಕಿಲ್ಲ."

ಜೀವಮಾನದಲ್ಲಿ ಯಾರೂ ನನ್ನ ಕಲೆಗೆ ಇಷ್ಟು ದೊಡ್ಡ ಹೊಣೆ ಹೊರಿಸಿರಲಿಲ್ಲ. ವಿದೇಶಿ ಲಾರಿಯ ಬಿಡಿಭಾಗಗಳ ಕಿಟ್ಟು ತರಿಸಿ, ಅದರ ಮೂತಿ ಕೊಯ್ದು, ನಮ್ಮ ಲಾರಿಯ ಮೂತಿ ಕೂರಿಸಿದೆ. ಗುಜರಿಗೆ ಹೋಗುವ ದಿನ ಯಾರೋ ತೆಗೆದ ಫೋಟೋ ಎದುರಿಟ್ಟುಕೊಂಡು, ಬಾಗಿಲ ಕೆಳಗಿನ ತುಕ್ಕು, ಡೀಸೆಲ್ ಸುರಿದ ಕಲೆ, ಮಡ್‌ಗಾರ್ಡಿನ ಕೆಸರು ಒಂದನ್ನೂ ಬಿಡದೆ ಇಳಿಸಿದೆ. ಇಂಥದ್ದನ್ನು ನಾನು ಹಿಂದೆ ಮಾಡಿರಲಿಲ್ಲ. ಸ್ವಲ್ಪ ಅಹಂಕಾರವೂ ಬಂತು.

ಕಿಬ್ಬನಹಳ್ಳಿಗೆ ಒಯ್ದು ಕೈಗಿತ್ತಾಗ ಶಿವನಂಜಪ್ಪ ಅದನ್ನು ಬಹಳ ಹೊತ್ತು ನೋಡಿದ. ನಾನು ಅವನ ಕಣ್ಣಲ್ಲಿ ನೀರಿಗಾಗಿ ಕಾದೆ.

"ಯಾರ್ದ್ಲಾ ಇದು?"

"ನಿಂದೇ ಕಣೋ. ಪುಟ್ಟತಾಯಮ್ಮ."

"ನಂದಾ? ನನ್ ಗಾಡಿ ಇಂಗ್ ಇತ್ತಾ? ನಮ್ಮವ್ವನ ಹೆಸ್ರಿನ ಮ್ಯಾಲೆ ಸಗಣಿ ಬಳ್ದಂಗ್ ಮಾಡಿದೀಯಲ್ಲ ಮೇಷ್ಟ್ರೇ! ಆಯುಧಪೂಜೆ ದಿನ ನೋಡಿಲ್ವೇನ್ಲಾ ನೀನು ಅದನ್ನ? ತೊಳ್ದು, ಪೈಂಟ್ ಹೊಡ್ಸಿ, ಹೂವಿನ ಹಾರ ಹಾಕಿ ನಿಲ್ಸಿದ್ರೆ ಮದವಣಗಿತ್ತಿ ಕಣ್ಲಾ. ಆ ದಿನದ್ದು ಮಾಡು."

ಇಷ್ಟು ಹೇಳಿ ಮತ್ತೆ ಶೆಡ್ಡಿನ ಕಡೆ ತಿರುಗಿದ. ಅಷ್ಟು ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ ಎಂದು ಗೌರಮ್ಮ ನನ್ನನ್ನು ಹೊಗಳಿದರು.

ಹೊಸದು ಮಾಡುವುದು ಸುಲಭವೆಂದು ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಲಾರಿಯನ್ನು ಮನೆಗೆ ವಾಪಸ್ಸು ತಂದು ಎಲ್ಲ ಬಣ್ಣವನ್ನೂ ಉಜ್ಜಿ ತೆಗೆದಾಗ ಒಂದು ಭಯಂಕರ ಸತ್ಯ ಕಣ್ಣಿಗೆ ಬಿತ್ತು. ನನಗೆ ಲಾರಿ ಮಾಡಲು ಬರುವುದಿಲ್ಲ. ಸಂದುಗಳು ಕೂಡಿಲ್ಲ, ಬಾಗಿಲು ಓರೆ, ಅಂಟು ಅಲ್ಲಲ್ಲಿ ಉಕ್ಕಿ ಗೊಣ್ಣೆಯಂತೆ ಹೆಪ್ಪುಗಟ್ಟಿದೆ. ಇಷ್ಟು ಕಾಲ ಇವುಗಳ ಮೇಲೆಲ್ಲ ತುಕ್ಕನ್ನೂ ಕೆಸರನ್ನೂ ಬಳಿದು, ಅದಕ್ಕೆ ಕಲೆ ಎಂದು ಹೆಸರಿಟ್ಟಿದ್ದೆ. ಮುಪ್ಪಿನ ಮರೆಯಲ್ಲಿ ಎಂಥ ತಪ್ಪೂ ಅನುಭವದಂತೆ ಕಾಣುತ್ತದೆ; ಇದು ಲಾರಿಗೆ ಮಾತ್ರ ಅನ್ವಯಿಸುವ ಮಾತಲ್ಲ ಎಂಬ ಅನುಮಾನವೂ ಬಂದು ಆ ದಿನ ಊಟ ಸೇರಲಿಲ್ಲ.

ಮತ್ತೆ ಹಳದಿ ಬಳಿದೆ. ಹೊಳೆಯುವ ಬಣ್ಣ ಹಸಿಯಿರುವಾಗಲೇ ಕಿಟಕಿಯಿಂದ ಧೂಳು ಬಂದು ಕೂತಿತು. ಆಶ್ಚರ್ಯ ನೋಡಿ, ಸೀಮೆಸುಣ್ಣ ಅರೆದು ಅರೆದು ನಾನು ತಯಾರಿಸುತ್ತಿದ್ದ ಅದೇ ಧೂಳು, ಬೇಡವೆಂದಾಗ ಪುಕ್ಕಟೆಯಾಗಿ, ಅಪ್ಪಟವಾಗಿ, ಸರಿಯಾದ ಅಳತೆಯಲ್ಲಿ ಬಂತು. ಕೆರೆದೆ, ಬಳಿದೆ. ಕಿಟಕಿ ಮುಚ್ಚಿದೆ, ಬೆವರ ಹನಿ ಬಿತ್ತು. ಕೆರೆದೆ, ಬಳಿದೆ. ಈ ಸಲ ಒಣಗಿತೇ ಎಂದು ಮುಟ್ಟಿ ನೋಡಿದ್ದಕ್ಕೆ ಹೆಬ್ಬೆರಳಿನ ಗುರುತು ಬಾಗಿಲ ಮೇಲೆ ಶಾಶ್ವತವಾಗಿ ಉಳಿಯಿತು. ಅಷ್ಟರಲ್ಲಿ ಹಬ್ಬ ಬಂದಿತ್ತು. ಬೆರಳಚ್ಚಿನ ಸಮೇತ ಬಸ್ಸು ಹತ್ತಿದೆ.

ಆಯುಧಪೂಜೆಯಲ್ಲಿ ಲಾರಿಗೆ ಏನು ಕೆಲಸ ಎಂದು ಕೆಲವು ಪಂಡಿತರು ಕೇಳುವುದುಂಟು. ಲಾರಿ ಆಯುಧವೇ ಎಂಬುದಕ್ಕೆ ಪ್ರಮಾಣ ಬೇಕಾದವರು ಕಿಬ್ಬನಹಳ್ಳಿಯಲ್ಲಿ ಹೆದ್ದಾರಿಯನ್ನು ಒಮ್ಮೆ ನಡೆದು ದಾಟಿದರೆ ಸಾಕು. ಅಂದು ದಾಟಿ ಹೋಗಿ ನೋಡುತ್ತೇನೆ, ಕುರ್ಚಿ ಖಾಲಿ! ಶಿವನಂಜಪ್ಪ ಸ್ನಾನ ಮಾಡಿ, ಮಡಿ ಪಂಚೆಯುಟ್ಟು, ಶೆಡ್ಡಿನ ನೆಲ ಗುಡಿಸಿ ನಿಂತಿದ್ದ. ಲಾರಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ಬೆರಳಚ್ಚು ಕಂಡಿತೋ ಇಲ್ಲವೋ, ಹಣೆಯ ಮೇಲಿನ ಹೆಸರನ್ನು ಮಾತ್ರ ತುಟಿ ಅಲ್ಲಾಡಿಸಿ ಓದಿದ. ನೆಲದ ಮೇಲೆ ಹಳೆಯ ಆಯಿಲ್ ಕಲೆಯ ನಡುವೆ ಅದನ್ನಿಟ್ಟು ಕುಂಕುಮ ಹಚ್ಚಿದ. "ನಿಂಬೆಹಣ್ಣು?" ಎಂದ. ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದಾಗಿ ಕಂಡಿತು. ಗೌರಮ್ಮ ಒಳಗೆ ಹೋಗಿ ಸಾಸಿವೆ ಡಬ್ಬಿ ತಂದರು. ಒಂದೊಂದು ಚಕ್ರದ ಮುಂದೆ ಒಂದೊಂದು ಕಾಳು. ನನ್ನ ಅಳತೆಗೆ ಇಷ್ಟು ಸರಿಯಾಗಿ ಹೊಂದುವ ನಿಂಬೆಹಣ್ಣನ್ನು ನಾನೇ ಮಾಡಿದ್ದರೂ ಆಗುತ್ತಿರಲಿಲ್ಲ.

ಶಿವನಂಜಪ್ಪ ಮಂಡಿಯೂರಿ ಕುಳಿತು, ಎರಡು ಬೆರಳಿನಿಂದ ಲಾರಿಯನ್ನು ಮುಂದಕ್ಕೆ ತಳ್ಳಿದ.

ಲಾರಿ ಸವೆದ ಸಿಮೆಂಟಿನ ಮೇಲೆ ಕರಕರ ಎಂದು ಜಾರಿತು. ಸಾಸಿವೆ ಕಾಳುಗಳು ಒಡೆಯಲಿಲ್ಲ. ಚಕ್ರಗಳ ಮುಂದೆ ಉರುಳಿಕೊಂಡು ಹೋದವು.

"ಚಕ್ರ ತಿರುಗಾಕಿಲ್ವೇನ್ಲಾ?"

"ಅಂಟಿಸಿಬಿಟ್ಟಿದ್ದೀನಿ."

"ಯಾಕ್ಲಾ?"

ಬೀರುವಿನಲ್ಲಿಟ್ಟಾಗ ಉರುಳಿ ಬೀಳಬಾರದೆಂದು ಎಂಬ ಉತ್ತರ ನನ್ನ ಬಳಿ ಇತ್ತು. ಜೀವನವೆಲ್ಲ ರಸ್ತೆಯಲ್ಲಿ ಕಳೆದವನ ಮುಂದೆ ಅದನ್ನು ಹೇಳುವ ಬದಲು ಉರುಳಿದ ಸಾಸಿವೆ ಕಾಳುಗಳನ್ನು ಆರಿಸತೊಡಗಿದೆ. ನನ್ನ ಬೀರುವಿನ ಯಾವ ಗಾಡಿಯೂ ಎಲ್ಲಿಗೂ ಹೋಗುವಂಥದ್ದಲ್ಲ ಎಂಬುದು ನನಗೆ ಹೊಳೆದದ್ದೇ ಆಗ.

"ಹಳೇದಾಗ್ಲಿ, ಹೊಸ್ದಾಗ್ಲಿ, ಲಾರಿ ಅಂದ್ಮ್ಯಾಕೆ ಹೋಗ್ಬೇಕಲ್ವಾ ಮೇಷ್ಟ್ರೇ" ಎಂದು, ಬೈಯದೆ, ಮೆಲ್ಲಗೆ ಹೇಳಿ ಲಾರಿಯನ್ನು ನನ್ನ ಕೈಗೆ ವಾಪಸ್ಸು ಕೊಟ್ಟು ಮತ್ತೆ ಕುರ್ಚಿಯಲ್ಲಿ ಕುಳಿತ. ಅದೇ ಕುರ್ಚಿ, ಅದೇ ದಿಕ್ಕು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದೀಚೆಗೆ ಬ್ಲೇಡು ಹಿಡಿದು ಚಕ್ರಗಳನ್ನು ಬಿಡಿಸುತ್ತಿದ್ದೇನೆ. ಸಂದುಗಳನ್ನು ಕೂಡಿಸಲಾರದ ನನ್ನ ಅಂಟು ಇಲ್ಲಿ ಮಾತ್ರ ವಜ್ರದಂತೆ ಹಿಡಿದಿದೆ. ಒಂದು ಆಕ್ಸಲ್ಲು ಮುರಿಯಿತು, ಒಂದು ಬೆರಳು ಕೊಯ್ಯಿತು. "ಹೊಸದನ್ನ ಹಳೇದು ಮಾಡಿದ್ರಿ, ಹಳೇದನ್ನ ಹೊಸದು ಮಾಡಿದ್ರಿ, ಈಗ ಇರೋದನ್ನೂ ಮುರೀತಾ ಇದ್ದೀರಿ" ಎಂದು ನನ್ನಾಕೆ ನನ್ನ ಕಲಾಜೀವನವನ್ನು ಸಂಗ್ರಹಿಸಿ ಹೇಳಿದ್ದಾಳೆ. ಈ ಗಡಿಬಿಡಿಯಲ್ಲಿ ತಲೆಯ ಕಪ್ಪು ಮರೆತು, ನಾನು ಯಾವ ಉಪ್ಪೂ ಉದುರಿಸದೆ ಬುಡದಲ್ಲಿ ಬಿಳಿ ಇಣುಕುತ್ತಿದೆ.

ನಿನ್ನೆ ಹಿಂದಿನ ಚಕ್ರವೊಂದು ಅಲುಗಿತು. ಅರ್ಧ ಸುತ್ತು ತಿರುಗಿ ನಿಂತಿತು. ತಡೆಯಲಾರದೆ ಕಿಬ್ಬನಹಳ್ಳಿಗೆ ಫೋನು ಮಾಡಿದೆ. ಗೌರಮ್ಮ ಫೋನನ್ನು ಅವನ ಕಿವಿಗೆ ಹಿಡಿದರು.

"ಶಿವನಂಜಾ, ಒಂದು ಚಕ್ರ ತಿರುಗಿತು ಕಣೋ."

ಅತ್ತ ಕುರ್ಚಿ ಕಿರುಗುಟ್ಟಿದ ಸದ್ದು ಕೇಳಿಸಿತು. ಆಮೇಲೆ, "ಯಾ ಕಡೀಕ್ಲಾ?"

ನೋಡಿದೆ. ಮತ್ತೊಮ್ಮೆ ತಿರುಗಿಸಿ ನೋಡಿದೆ. ಮುಂದಕ್ಕೆ ಜಪ್ಪಯ್ಯ ಅನ್ನಲಿಲ್ಲ. "ಹಿಂದಕ್ಕೆ" ಎಂದೆ, ಸಣ್ಣ ದನಿಯಲ್ಲಿ.

"ಇರ್ಲಿ ಬುಡು" ಎಂದ ಶಿವನಂಜಪ್ಪ. "ಶೆಡ್ಡಿಂದ ಆಚಿಕ್ ತೆಗೀಬೇಕಂದ್ರೆ ಮೊದ್ಲು ರಿವರ್ಸೇ ಹಾಕ್ಬೇಕು."