ಹನ್ನೊಂದನೆಯ ಪುಸ್ತಕ

ಆ ಮಾತನ್ನು ನಾನು ಆಕೆಗೆ ಹೇಳಿದ್ದೆನೋ ಇಲ್ಲವೋ, ಈಗ ನನಗೆ ಖಚಿತವಿಲ್ಲ. ಹೇಳಿದ್ದೆ ಎಂದು ಆರೇಳು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಕೊಳ್ಳೇಗಾಲ, ಹನೂರು, ಯಳಂದೂರು, ಎಲ್ಲಿ ತರಬೇತಿ ಎಂದು ಕುರ್ಚಿ ಹಾಕಿದರೂ, ಊಟ ಮುಗಿದು ಜನ ತೂಕಡಿಸುವ ಹೊತ್ತಿಗೆ ಆ ಕತೆ ತೆಗೆಯುತ್ತೇನೆ. "ಒಬ್ಬ ಅಧ್ಯಕ್ಷೆಗೆ ನಾನು ಅವತ್ತೇ ಹೇಳಿದ್ದೆ, ಪಟ್ಟಿಯಲ್ಲಿರುವ ಹತ್ತು ಪುಸ್ತಕ ಆಮೇಲೆ ಓದಿ, ಮೊದಲು ನಿಮ್ಮ ಸಂಘದ ನಡಾವಳಿ ಪುಸ್ತಕ ಓದಿ ಅಂತ. ಅವರು ಓದಲಿಲ್ಲ. ಕುರ್ಚಿ ಕಳೆದುಕೊಂಡರು." ಜನ ತಲೆಯಾಡಿಸುತ್ತಾರೆ. ಕೆಲವರು ಬರೆದುಕೊಳ್ಳುತ್ತಾರೆ. ನಾನು ನೀರು ಕುಡಿಯುತ್ತೇನೆ.

ನಾನು ಓದಿದ್ದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ. ಅಲ್ಲಿ ನಮಗೆ ಕಲಿಸಿದ್ದು ಬೇರೆಯವರ ನೆನಪುಗಳನ್ನು ನಂಬದಿರುವುದನ್ನು. ಸ್ವಂತದ್ದನ್ನು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಪಿಎಚ್.ಡಿ. ಅರ್ಧಕ್ಕೆ ನಿಂತು, ಕೊಳ್ಳೇಗಾಲದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿದ ಮೇಲೆ, ರಜೆಯ ದಿನಗಳಲ್ಲಿ ಊರೂರಿನ ಸಂಘಗಳವರಿಗೆ ನಾಯಕತ್ವದ ಬಗ್ಗೆ ಮಾತಾಡುವ ಕೆಲಸ ಹೇಗೋ ಅಂಟಿಕೊಂಡಿತು. ನಾನು ಜೀವನದಲ್ಲಿ ಯಾವುದರ ನಾಯಕನೂ ಆಗಿದ್ದವನಲ್ಲ. ತರಗತಿಯ ಮಾನಿಟರ್ ಕೂಡ.

ಪ್ರತಿ ತರಬೇತಿಯಲ್ಲೂ ಒಂದು ಹಾಳೆ ಹಂಚುತ್ತಿದ್ದೆ: ನಾಯಕತ್ವ ಬೆಳೆಸಿಕೊಳ್ಳಲು ಓದಬೇಕಾದ ಹತ್ತು ಪುಸ್ತಕಗಳು. ಹತ್ತರಲ್ಲಿ ನಾಲ್ಕನ್ನು ನಾನೇ ಓದಿರಲಿಲ್ಲ, ಓದಿದವರು ಹೊಗಳಿದ್ದನ್ನು ಓದಿದ್ದೆ. ಸಂಜೆ ಎಲ್ಲರಿಂದ ಅಭಿಪ್ರಾಯದ ನಮೂನೆ ತುಂಬಿಸಿಕೊಳ್ಳಬೇಕು, ಪ್ರತಿಯೊಂದರ ಕೆಳಗೂ ತರಬೇತಿ ಕೊಟ್ಟವನ ಸಹಿ ಇರಬೇಕು. ಕಡೇ ಗಳಿಗೆಯಲ್ಲಿ ಬಸ್ಸು ತಪ್ಪುತ್ತದೆಂದು ಆ ಸಹಿಗಳನ್ನು ಬೆಳಿಗ್ಗೆಯೇ ಬಸ್ಸಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಹಾಕಿಬಿಡುತ್ತಿದ್ದೆ.

ಆಕೆ ಬಂದದ್ದು ಯಳಂದೂರಿನ ತರಬೇತಿಗೆ. ಹೊನ್ನೂರಿನ ಕಡೆಯ ಒಂದು ಊರಿನವರು, ಏಳನೇ ತರಗತಿ ಓದಿದ್ದರು, ನಾಟಿ ಕೆಲಸಕ್ಕೆ ಹೋಗುತ್ತಿದ್ದರು, ಮನೆಯಲ್ಲಿ ಒಂದು ಎಮ್ಮೆ. ಊರಿನ ಮಹಿಳಾ ಹಾಲು ಸಂಘಕ್ಕೆ ಹೊಸದಾಗಿ ಅಧ್ಯಕ್ಷೆಯಾಗಿದ್ದರು. ಸಂಘ ಎಂದು ಯಾರೂ ಅನ್ನುವುದಿಲ್ಲ, ಊರಿನವರ ಬಾಯಲ್ಲಿ ಅದು ಡೈರಿ. ಅಲ್ಲಿ ಮೊದಲಿಂದಲೂ ಒಂದು ಪದ್ಧತಿ: ಮೇಲಿನ ಬೀದಿಯ ಜಮೀನುದಾರರ ಮನೆಯವರು ಎಷ್ಟು ತಡವಾಗಿ ಬಂದರೂ ಅವರ ಕ್ಯಾನು ಮೊದಲು, ಕೆಳಗಿನ ಬೀದಿಯವರದು ಕಡೆಗೆ. ಆಕೆ ಕೆಳಗಿನ ಬೀದಿಯವರು. ಕುರ್ಚಿಯಲ್ಲಿ ಕೂತ ಮಾರನೆಯ ವಾರವೇ, ಮೊದಲು ಬಂದವರ ಕ್ಯಾನು ಮೊದಲು ಎಂದು ಸಾಲು ಬದಲಿಸಿದ್ದರು. ಆ ಸಾಲನ್ನು ಉಳಿಸಿಕೊಳ್ಳಲು ಏನಾದರೂ ಓದಬೇಕು ಎಂದೇ ತರಬೇತಿಗೆ ಬಂದಿದ್ದು.

ಊಟದ ನಂತರ ಹಾಳೆ ಹಿಡಿದುಕೊಂಡು ಬಂದರು.

"ಸಾ, ಅತ್ತು ಬುಕ್ ಓದಕ್ಕೆ ನಂಗೆ ಟೇಮ್ ಎಲ್ಲದ? ಒಂದೇ ಒಂದ್ ಯೋಳಿ. ಸಾಲು ಬುಟ್‌ಕೊಡಬಾರ್ದು, ಅಂತದ್ದು."

ಜೊತೆಗೆ ಬಂದಿದ್ದ ಅದೇ ಊರಿನ ಹೆಂಗಸು ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. "ಇವ್ಳು ಬುಕ್ ಇಡ್ಕಂಡು ಕೂತ್ರೆ ಎಮ್ಮೆ ಕರಿಯೋರ್ಯಾರು ಸಾ?"

"ನೀನೇ ಬಂದು ಕರ್ದ್‌ಬುಟ್ಟು ಓಗು ಕಣೇ. ಒದ್ರೆ ಒದುಸ್ಕೋ."

"ಅಧ್ಯಕ್ಷರ್ ಎಮ್ಮೆ ಒದ್ರೆ ಎಂಗೆ ತಡ್ಕಳದಮ್ಮ ನಾವು!"

ನಾವು ಮೂವರೂ ನಕ್ಕೆವು. ಇಲ್ಲಿಯವರೆಗೆ ನೆನಪು ಗಟ್ಟಿಯಾಗಿದೆ. ಇದಾದ ಮೇಲೆ ಎರಡಾಗುತ್ತದೆ. ಒಂದರಲ್ಲಿ ನಾನು ಕಿಟಕಿಗೆ ಒರಗಿ ನಿಂತು, ಯೋಚಿಸಿ, "ನಿಮ್ಮ ನಡಾವಳಿ ಪುಸ್ತಕ ಓದಿ" ಎನ್ನುತ್ತೇನೆ. ಇನ್ನೊಂದರಲ್ಲಿ ನನಗೆ ಬೆನ್ನು ನೋಯುತ್ತಿದೆ. ಪಟ್ಟಿಯ ಮೊದಲನೆಯದು, ದಪ್ಪ ರಟ್ಟಿನ ಅನುವಾದ, ಚೀಲದಲ್ಲಿ ಭಾರವಾಗಿದೆ. ಅದನ್ನು ಆಕೆಯ ಕೈಗೆ ಕೊಟ್ಟು, ಸಂಜೆ ಹಗುರವಾದ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆಯುತ್ತೇನೆ. ಮೊದಲನೆಯದರಲ್ಲಿ ಬೆಳಕು ಚೆನ್ನಾಗಿದೆ. ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ಪುಸ್ತಕ ಕೊಟ್ಟಿದ್ದಂತೂ ನಿಜ. ನಾಲ್ಕೈದು ತಿಂಗಳ ನಂತರ ಒಂದು ಬೆಳಿಗ್ಗೆ ಆಕೆ ಕೊಳ್ಳೇಗಾಲಕ್ಕೆ ಬಂದು ನಮ್ಮ ಕಾಲೇಜಿನ ಗೇಟಿನ ಬಳಿ ನಿಂತಿದ್ದರು. ವೈರ್ ಬ್ಯಾಗಿನಲ್ಲಿ ಅದೇ ಪುಸ್ತಕ, ಹಳೆ ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿದ್ದು. ಎದುರಿನ ಹೋಟೆಲಿನಲ್ಲಿ ಕೂತೆವು. ಟೀ ಆರುತ್ತಿದ್ದರೂ ಆಕೆ ಲೋಟ ಮುಟ್ಟಲಿಲ್ಲ.

"ನಾನೀಗ ಅಧ್ಯಕ್ಷೆ ಅಲ್ವಂತೆ ಸಾ. ರಾಜೀನಾಮೆ ಕೊಟ್ಬುಟ್ಟಿದ್ದೀನಂತೆ."

"ಯಾರು ಹೇಳಿದ್ದು?"

"ಬುಕ್ಕಲ್ಲಿ ಬರ್ದದ. ನನ್ ಸಹೀನೇ. ಅದ್ರಲ್ಲಿ ಸುಳ್ಳಿಲ್ಲ."

ಆಮೇಲೆ ವಿವರಿಸಿದರು. ಅವರ ಡೈರಿಯಲ್ಲಿ ಸಭೆ ಅಂತ ಯಾರೂ ಕೂರುವುದಿಲ್ಲ. ಬೆಳಿಗ್ಗೆ ಆರಕ್ಕೆ ಹಾಲು ಹಾಕಲು ಬಂದಾಗ ಮೇಜಿನ ಮೇಲೆ ನಡಾವಳಿ ಪುಸ್ತಕ ತೆರೆದಿಟ್ಟಿರುತ್ತಾರೆ. ಸಭೆಯ ತೀರ್ಮಾನಗಳನ್ನು ಬರೆಯುವ ಪುಸ್ತಕ ಅದು, ಆದರೆ ಪುಟ ಖಾಲಿ. ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಪೆನ್ನು. ಹೆಂಗಸರು ಪುಟದ ಕೆಳಗೆ ಸಹಿ ಹಾಕಿ ಮನೆಗೆ ಹೋಗುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸಬೇಕು, ಕೂಲಿಗೆ ಹೋಗಬೇಕು. ಸಹಿಯ ಮೇಲಿನದ್ದನ್ನು ಸೆಕ್ರೆಟ್ರಿ, ಮೇಲಿನ ಬೀದಿಯವರು, ಬಿಡುವಾದಾಗ ಬರೆಯುತ್ತಾರೆ. ವರ್ಷಗಳಿಂದ ಹೀಗೇ. ಅಧ್ಯಕ್ಷೆಯಾದ ಮೇಲೂ ಆಕೆ ಹೀಗೇ ಹಾಕಿದರು, ಸಾಲಿನಲ್ಲಿ ನಿಂತು, ಎಲ್ಲರ ಹಾಗೆ. ಒಂದು ದಿನದ ಸಹಿಯ ಮೇಲೆ ಬರೆದದ್ದು ಇಷ್ಟು: ಕೌಟುಂಬಿಕ ಕಾರಣಗಳಿಂದ ಅಧ್ಯಕ್ಷರು ಸ್ವಇಚ್ಛೆಯಿಂದ ರಾಜೀನಾಮೆ ನೀಡಿದ್ದು, ಸಭೆ ಸರ್ವಾನುಮತದಿಂದ ಅಂಗೀಕರಿಸಿದೆ. ಸರ್ವಾನುಮತದಲ್ಲಿ ಆಕೆಯ ಎಲೆಯಡಿಕೆಯ ಗೆಳತಿಯ ಸಹಿಯೂ ಇತ್ತು. ಅವಳಿಗೂ ಗೊತ್ತಿರಲಿಲ್ಲ.

ಆಕೆ ಪುಸ್ತಕವನ್ನು ಟೇಬಲ್ ಮೇಲೆ ಇಟ್ಟರು. "ಇದ ಪೂರಾ ಓದ್ದೆ ಸಾ, ಎಲ್ಡು ಸಲ. ಗುರಿ ಇರ್ಬೇಕು ಅಂತ ಬರ್ದವ್ರೆ. ಗುರಿ ಇತ್ತು ನಂಗೆ. ಇಂಗಾದ್ರೆ ಏನ್ ಮಾಡ್ಬೇಕು ಅಂತ ಎಲ್ಲಾರ ಬರ್ದವ್ರಾ? ನಾನೇನಾರ ಪುಟ ಬುಟ್ಟಿದ್ದೀನಾ?"

ಬಿಟ್ಟಿರಲಿಲ್ಲ. ನಾನು ಬೇಕೆಂದೇ ಪುಟ ತಿರುವಿದೆ, ಹುಡುಕುವವನ ಹಾಗೆ. ಕಷ್ಟದ ಪದಗಳ ಕೆಳಗೆಲ್ಲ ಪೆನ್ಸಿಲ್ ಗೆರೆಗಳು.

ಅರ್ಜಿ ಬರೆದುಕೊಟ್ಟೆ. ಸಹಕಾರ ಇಲಾಖೆಯ ಕಚೇರಿಗೆ ಜೊತೆಯಲ್ಲಿ ಹೋದೆ. ಅಧಿಕಾರಿ ಒಳ್ಳೆಯವರೇ, ಕೂರಿಸಿ ಕೇಳಿದರು.

"ಸಹಿ ನಿಮ್ಮದೇ ತಾನೇ ಅಮ್ಮ?"

"ನಂದೇ ಸಾ. ಮ್ಯಾಲೆ ಬರ್ದಿದ್ದು ನಾನಲ್ಲ."

"ಸಹಿ ಹಾಕುವಾಗ ಓದಲಿಲ್ಲವೇ?"

"ಓದಕ್ಕೆ ಏನಿತ್ತು ಸಾ ಅಲ್ಲಿ? ಬರೀ ಆಳೆ."

ಅಧಿಕಾರಿ ನನ್ನ ಮುಖ ನೋಡಿದರು. ಕಲಿತವನು, ನೀನಾದರೂ ಹೇಳಬಾರದಿತ್ತೇ ಎನ್ನುವ ಹಾಗೆ. ಅಥವಾ ಅವರು ಸುಮ್ಮನೆ ನೋಡಿದ್ದಿರಬಹುದು. ಆ ನೋಟದಿಂದಲೇ ನನ್ನ ಕತೆ ಹುಟ್ಟಿತು ಎಂದು ಈಗ ಅನಿಸುತ್ತದೆ. ಅರ್ಜಿಯಿಂದ ಏನೂ ಆಗಲಿಲ್ಲ. ಮುಂದಿನ ತರಬೇತಿಯಲ್ಲಿ, ನಡಾವಳಿ ಪುಸ್ತಕ ಓದಿ ಎಂದು ನಾನು ಹೇಳಿದೆ. ಅದರ ಮುಂದಿನದರಲ್ಲಿ, ಒಬ್ಬರಿಗೆ ಹೇಳಬೇಕಿತ್ತು ಎಂದೆ. ಯಾವ ಊರಿನಲ್ಲಿ ಅದು 'ಹೇಳಿದ್ದೆ' ಎಂದಾಯಿತೋ ತಿಳಿಯದು.

ಹೋದ ತಿಂಗಳು ಹನೂರಿನಲ್ಲಿ ಮತ್ತೆ ಆ ಕತೆ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. "ನೀವು ಮೊದ್ಲೇ ಯೋಳಿದ್ರಲ್ಲ ಸಾ, ಆವಮ್ಮ ಯಾಕೆ ಓದ್ಲಿಲ್ಲ? ಅಷ್ಟೂ ಬುದ್ಧಿ ಇರ್ಲಿಲ್ವಾ?" ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಕೊಳ್ಳೇಗಾಲಕ್ಕೆ ಬರುವ ಬಸ್ಸಿನಲ್ಲಿ, ಆ ಕತೆ ಎಷ್ಟು ಕಡೆ ಹೇಳಿದ್ದೇನೆಂದು ಲೆಕ್ಕ ಹಾಕಿದೆ. ಎರಡು ಸಲ ಪುಸ್ತಕ ಓದಿದವರನ್ನು ನಾನು ದಡ್ಡರನ್ನಾಗಿ ಮಾಡಿಕೊಂಡು ಅಷ್ಟು ವರ್ಷ ಊಟ ಮಾಡಿದ್ದೆ.

ಭಾನುವಾರ ಆ ಊರಿಗೆ ಹೋದೆ. ಆಕೆ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ಗುರುತು ಹಿಡಿದು, ಕೈ ತೊಳೆದು, ಚಾಪೆ ಹಾಕಿದರು.

"ಸಾಲು ಈಗ ಹೇಗಿದೆ?" ಎಂದೆ.

"ಅಳೇ ತರಾನೇ ಸಾ. ಮೊದ್ಲು ಅವ್ರದು."

"ಸಹಿ?"

"ನಾ ಓದ್ದೆ ಆಕಲ್ಲ ಅಂದೆ. ಅದ್ಕೇ ನನ್ ತಾವ ಬುಕ್ಕೇ ತರಲ್ಲ."

ಕೇಳಬೇಕಾದದ್ದನ್ನು ಕಡೆಗೂ ಕೇಳಿದೆ. "ಅವತ್ತು ಯಳಂದೂರಿನಲ್ಲಿ, ನಡಾವಳಿ ಪುಸ್ತಕ ಓದಿ ಅಂತ ನಾನು ನಿಮಗೆ ಹೇಳಿದ್ದೆನಾ?"

ಆಕೆ ಒಳಗಿಂದ ಕಾಫಿ ತಂದು ನನ್ನ ಮುಂದಿಟ್ಟರು. "ಯೋಳಿದ್ರೇನೋ ಸಾ. ನಂಗೇ ಗ್ಯಾನ ಇಲ್ಲ." ಆಮೇಲೆ, "ಕಾಪಿ ಕುಡೀರಿ, ಆರೋಯ್ತದ."

ಮನೆಗೆ ಬಂದ ಅತಿಥಿಗೆ ಇಲ್ಲಿಯ ಜನ 'ಇಲ್ಲ' ಎನ್ನುವುದಿಲ್ಲ. ಆ ಉತ್ತರವನ್ನು ನಾನು ಸಾಕ್ಷ್ಯವೆಂದು ಹಿಡಿಯಲಾರೆ.

ಮನೆಗೆ ಬಂದು ಅಟ್ಟದ ಮೇಲಿನ ಕಟ್ಟುಗಳನ್ನು ಇಳಿಸಿದೆ. ಯಳಂದೂರಿನ ತರಬೇತಿಯ ಅಭಿಪ್ರಾಯದ ನಮೂನೆಗಳು ದಾರ ಕಟ್ಟಿದ ಹಾಗೇ ಇದ್ದವು. ಆ ದಾರವನ್ನು ನಾನು ಯಾವತ್ತೂ ಬಿಚ್ಚಿರಲಿಲ್ಲ. ಆಕೆಯ ಹೆಸರು, ಊರು, ದುಂಡನೆಯ ಅಕ್ಷರ ಸಿಕ್ಕವು. 'ತರಬೇತಿಯಲ್ಲಿ ಏನು ಬಿಟ್ಟುಹೋಯಿತು?' ಎಂಬ ಪ್ರಶ್ನೆಯ ಮುಂದೆ ಹೀಗೆ ಬರೆದಿದ್ದರು: 'ಮೀಟಿಂಗ್ ಪುಸ್ತಕದಲ್ಲಿ ಏನು ಬರೆಯುತ್ತಾರೆ ಎಂದು ಓದುವುದು ಹೇಳಿಕೊಡಲಿಲ್ಲ. ನಾವು ಸಹಿ ಹಾಕುತ್ತೇವೆ. ಅದನ್ನು ಹೇಳಿಕೊಡಬೇಕು.'

ಅದರ ಕೆಳಗೆ 'ಓದಿ ಪರಿಶೀಲಿಸಿದ್ದೇನೆ' ಎಂದು ಅಚ್ಚಾಗಿದೆ. ಅದರ ಮುಂದೆ ಒಂದು ಸಹಿ, ಬಸ್ಸಿನ ಕುಲುಕಿಗೆ ಬಾಲ ಸ್ವಲ್ಪ ಮೇಲಕ್ಕೆ ಎಳೆದುಹೋದದ್ದು. ಇವತ್ತಿನ ನನ್ನ ಸಹಿಯ ಪಕ್ಕ ಇಟ್ಟು ನೋಡಿದೆ. ನನ್ನದೇ.