ಕೊರಳಲ್ಲಿ ಎರಡು ಲಿಂಗ

ಶರಣ ಬಂಧುಗಳೇ, ಕೊರೊನಾ ಬಂದ ವರ್ಷ ನನ್ನ ಮಗಳು ಹುಟ್ಟಿದಳು. ಊರೆಲ್ಲ ಆ ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡಿತ್ತು. ನಾನು ನನ್ನ ಕೂಸಿಗೇ ಹೆದರುತ್ತಿದ್ದೆ. ಇದನ್ನು ಬರೆಯುವಾಗಲೂ ಕೂತಲ್ಲಿ ಕೂರಲಾಗದೆ ಮತ್ತೆ ಮತ್ತೆ ಎದ್ದು ಹೋಗಿ ಬಂದಿದ್ದೇನೆ.

ನನ್ನ ತವರು ಗೊಟಗೋಡಿ, ಕೊಟ್ಟ ಮನೆ ಅಕ್ಕಿಆಲೂರು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಿತ್ತು. ಅಷ್ಟರಲ್ಲಿ ಬಸ್ಸುಗಳು ನಿಂತುಹೋದವು. ಹಾನಗಲ್ಲಿನ ದವಾಖಾನೆಯಲ್ಲಿ ಹೆರಿಗೆಯಾಗಿ ಅತ್ತೆಯ ಮನೆಗೇ ಬಂದೆ. ಅವ್ವ ಮೊಬೈಲಿನಲ್ಲಿ ಅಳುತ್ತಾ, "ಕಿವಿಗಿ ಅರಳಿ ಇಟಗೊಂಡೀಯೇನವಾ?" ಎಂದು ಕೇಳುತ್ತಿದ್ದಳು. ಗಾಳಿ ಹೊಗದಂತೆ ಕಿವಿಗೆ ಹತ್ತಿ ಇಟ್ಟುಕೊಳ್ಳಲು ಹೇಳುವುದು, ಅದೊಂದೇ ಆಕೆಯ ಕೈಲಾಗುತ್ತಿದ್ದುದು.

ಅತ್ತೆ ಕೆಟ್ಟವರಲ್ಲ. ಆದರೆ ಅವರಿಗೆ ಗೊತ್ತಿದ್ದುದು ಎರಡೇ ಮಾತು. "ಅಂಟಿನುಂಡಿ ತಿನ್ನು. ಮಲಕ್ಕೋ." ನನಗೆ ಎರಡೂ ಆಗುತ್ತಿರಲಿಲ್ಲ. ಕೋಣೆಯ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಿದ್ದೆ. ಪಕ್ಕದಲ್ಲೇ ನಮ್ಮ ಅಕ್ಕಿ ಗಿರಣಿ. ಅದರ ಸದ್ದು ತಲೆಯೊಳಗೇ ಬಡಿಯುತ್ತಿತ್ತು. ಕರೆಂಟು ಹೋಗಿ ಸದ್ದು ನಿಂತರೆ ಇನ್ನೂ ಜೀವ ಚಡಪಡಿಸುತ್ತಿತ್ತು. ಕೂಸು ಅತ್ತರೆ ಎದೆಯಲ್ಲಿ ಹಾಲು ಇಳಿಯುತ್ತಿತ್ತು, ಅಕ್ಕರೆ ಹುಟ್ಟುತ್ತಿರಲಿಲ್ಲ. ಯಾರೋ ತಮ್ಮ ಕೂಸನ್ನು ನನ್ನ ಹತ್ತಿರ ಬಿಟ್ಟು ಹೋದ ಹಾಗಿತ್ತು. ಹಿತ್ತಿಲ ಬಾವಿಯ ಕಡೆ ಹೋಗಲು ನನಗೆ ನನ್ನದೇ ಭಯ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ನಮ್ಮಲ್ಲಿ ಎಂಟನೇ ತಿಂಗಳಲ್ಲಿ ಅಯ್ನೋರು, ಅಂದರೆ ನಮ್ಮ ಮನೆತನದ ಗುರುಗಳು, ಹೊಟ್ಟೆಯಲ್ಲಿರುವ ಕೂಸಿಗೂ ಒಂದು ಲಿಂಗ ಕೊಡುತ್ತಾರೆ. ತಾಯಿ ತನ್ನ ಲಿಂಗದ ಜೊತೆ ಅದನ್ನೂ ಕೊರಳಿಗೆ ಕಟ್ಟಿಕೊಂಡು ಇಬ್ಬರ ಪೂಜೆಯನ್ನೂ ತಾನೇ ಮಾಡಬೇಕು. ಹೆರಿಗೆಯಾದ ಮೇಲೆ ಗುರುಗಳು ಬಂದು ಅದನ್ನು ಕೂಸಿಗೆ ಕಟ್ಟುತ್ತಾರೆ. ನಮ್ಮ ಅಯ್ನೋರು ಗೊಟಗೋಡಿಯಲ್ಲೇ ಸಿಕ್ಕಿಕೊಂಡಿದ್ದರು. "ಅವರು ಬರೂತನಕ ನಿನ್ನ ಕೊಳ್ಳಾಗ ಇರಲಿ, ಗುರುವಿನ ಕೈಲೆನ ಆಗಬೇಕು" ಎಂದರು ಅತ್ತೆ.

ಅಲ್ಲಿಗೆ ನನ್ನ ತಲೆ ಕೆಟ್ಟಿತು. ಕೂಸಿಗೆ ಲಿಂಗ ಕಟ್ಟಿಲ್ಲ, ಶಿವ ಅದನ್ನು ಇನ್ನೂ ನನಗೆ ಕೊಟ್ಟಿಲ್ಲ, ಅದಕ್ಕೇ ನನಗೆ ಪ್ರೀತಿ ಬರುತ್ತಿಲ್ಲ ಎಂದುಕೊಂಡೆ. ಎಡಗೈಯಲ್ಲಿ ಎರಡೂ ಲಿಂಗ ಹಿಡಿದು, "ಶಿವನೇ, ಅಯ್ನೋರನ್ನು ಕಳಿಸು" ಎಂದು ಬೇಡಿದೆ. ಲಾಕ್‌ಡೌನ್ ಮುಂದುವರಿಯುತ್ತಲೇ ಹೋಯಿತು. ಕೊನೆಗೆ ಪೂಜೆಗೂ ಕೈ ಏಳದಾಯಿತು.

ಒಂದು ಮಧ್ಯಾಹ್ನ ನಮ್ಮ ಯಜಮಾನರು ಮೊಬೈಲಿನಲ್ಲೇ ಅಯ್ನೋರಿಗೆ ಕೂಸನ್ನು ತೋರಿಸಲು ಬಂದರು. ಅಯ್ನೋರು ಕೂಸನ್ನು ಬಿಟ್ಟು ನನ್ನನ್ನೇ ನೋಡಿದರು.

"ನಿದ್ದಿ ಮಾಡ್ತೀ ಏನವಾ?"

ಅಷ್ಟು ಕೇಳಿದ್ದೇ ತಡ, ಎಲ್ಲ ಹೊರಗೆ ಬಿತ್ತು. ಬಾವಿಯ ವಿಷಯವನ್ನೂ ಹೇಳಿಬಿಟ್ಟೆ. ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

ಅಯ್ನೋರು ಹೇಳಿದರು: "ಕೂಸಿನ ಲಿಂಗ ನೀನ ಕಟ್ಟವಾ. ತಾಯಿ ಕೈ ಗುರುವಿನ ಕೈಗಿಂತ ಸಣ್ಣದಲ್ಲ. ಆದ್ರ ಅಷ್ಟಕ್ಕ ಮನಸ್ಸು ಸರಿ ಹೋಗತೈತಿ ಅಂತ ನಾ ಸುಳ್ಳು ಹೇಳೂದಿಲ್ಲ. ನನ್ನ ತಂಗಿಗೂ ಹಿಂಗ ಆಗಿತ್ತು. ನಾವು ವಿಭೂತಿ ಹಚ್ಚಿ ಕುಂತ್ವಿ. ಈಗ ಆಕಿ ಇಲ್ಲ." ಆಮೇಲೆ ನಮ್ಮವರಿಗೆ, "ಇದು ಜಡ್ಡು ಐತಿ. ಇವತ್ತ ದವಾಖಾನಿಗೆ ಕರಕೊಂಡು ಹೋಗ್ರಿ" ಎಂದರು.

ಕೂಸಿಗೆ ನಾನೇ ಲಿಂಗ ಕಟ್ಟಿದೆ. ನಿಜ ಹೇಳುತ್ತೇನೆ, ಏನೂ ಅನಿಸಲಿಲ್ಲ.

ಬಾಣಂತಿಯನ್ನು ಹೊಸ್ತಿಲು ದಾಟಲು ಬಿಡದ ಅತ್ತೆ ಅವತ್ತು ಕೂಸನ್ನು ಎತ್ತಿಕೊಂಡು, ನನ್ನನ್ನೂ ಹತ್ತಿಸಿ, ಗಿರಣಿಯ ಪಾಸ್ ಇದ್ದ ಟೆಂಪೋ ಏರಿ ಕೂತರು. ಹಾವೇರಿಯ ದಾರಿಯಲ್ಲಿ ಪೊಲೀಸರು ತಡೆದರು.

"ಯಾರಿಗಿ ಆರಾಮಿಲ್ಲ?"

"ನನ್ನ ಮಗಳಿಗ್ರೀ" ಎಂದರು ಅತ್ತೆ. ಹಾವೇರಿ ಮುಟ್ಟುವವರೆಗೂ ನನ್ನ ಅಳು ನಿಲ್ಲಲಿಲ್ಲ.

ಅಲ್ಲಿನ ಡಾಕ್ಟರಮ್ಮ, ಇದು ಹೆರಿಗೆಯ ನಂತರ ಬರುವ ಖಿನ್ನತೆ, ವಾಸಿಯಾಗುತ್ತದೆ ಎಂದರು. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಗುಳಿಗೆ ಕೊಟ್ಟು, ನನ್ನನ್ನು ಒಬ್ಬಳೇ ಬಿಡಬಾರದೆಂದರು. ಮನೆಗೆ ಬಂದವರೇ ಅತ್ತೆ ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿ, ನನ್ನ ಕೋಣೆಯಲ್ಲೇ ಹಾಸಿಗೆ ಹಾಸಿದರು. ಅವರ ಗೊರಕೆ ಗಿರಣಿಗಿಂತ ಜೋರು. ಆದರೂ ನಿಧಾನಕ್ಕೆ ನನಗೆ ನಿದ್ದೆ ಬರತೊಡಗಿತು.

ವಾರಗಳು ಕಳೆದ ಮೇಲೆ ಒಂದು ದಿನ ಗಿರಣಿ ನಿಂತಿತ್ತು. ತೊಟ್ಟಿಲಿನಿಂದ ಅಳುವಲ್ಲದ ಒಂದು ಸದ್ದು ಬಂತು. ಬಗ್ಗಿ ನೋಡಿದರೆ, ಕೂಸು ಲಿಂಗವಿಟ್ಟ ಹೊಳೆಯುವ ಬೆಳ್ಳಿ ಕಾಯಿಯತ್ತ ಕೈ ಆಡಿಸುತ್ತಾ ತನ್ನಷ್ಟಕ್ಕೆ ತಾನೇ ಮಾತಾಡುತ್ತಿತ್ತು. ಇವಳು ನನ್ನವಳು ಅನಿಸಿತು. ಜೋರಾಗಿ ನಕ್ಕುಬಿಟ್ಟೆ. ಅತ್ತೆ ಹಿಟ್ಟಿನ ಕೈಯಲ್ಲೇ ಗಾಬರಿಯಿಂದ ಓಡಿ ಬಂದರು.

"ಏನಾತು?"

"ನಗು ಬಂತ್ರಿ ಅತ್ತಿ."

ಅವರು ಅಲ್ಲೇ ಕೂತು ಅತ್ತರು.

ಅಯ್ನೋರನ್ನು ಕಳಿಸು ಎಂದು ನಾನು ಬೇಡಿದ್ದೆ. ಶಿವ ಅವರ ಮಾತು ಕಳಿಸಿದ, ಟೆಂಪೋ ಕಳಿಸಿದ, ಗುಳಿಗೆ ಕಳಿಸಿದ. ನಾನು ಕೇಳಿದ್ದಕ್ಕಿಂತ ಅದೇ ಹೆಚ್ಚು. ಈಗಲೂ ಕೆಲವು ದಿನ ಆ ಚಡಪಡಿಕೆ ತಿರುಗಿ ಬರುತ್ತದೆ. ಆಗ ಮುಚ್ಚಿಡುವುದಿಲ್ಲ. "ಅತ್ತಿ, ಇವತ್ತ ಮತ್ತ ಹಂಗ ಆಗಾಕತ್ತೈತ್ರಿ" ಎನ್ನುತ್ತೇನೆ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಪಕ್ಕದಲ್ಲಿ ಬಂದು ಕೂರುತ್ತಾರೆ. ಶಿವ ನನ್ನ ಮೊರೆ ಕೇಳಿದ ಎನ್ನಲು ನನಗೆ ಅಷ್ಟು ಸಾಕು.